ಕೋಡಿಗೆ ಬಣ್ಣ, ಕಾರಿಗೆ ರೇಡಿಯಂ

ವಿಜಯಪುರ ನೋಡಲು ಬಂದ ನೆಂಟರನ್ನು ಶೆರ್ಜಾ ಬುರುಜಿಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಒಂದು ಮಾತು ಹೇಳುತ್ತೇನೆ: ತೋಪಿನ ಗಾತ್ರ ನೋಡಿದ್ದು ಸಾಕು, ಈಗ ಅದರ ಬಾಯಿ ನೋಡಿ. ಮಲಿಕ್-ಎ-ಮೈದಾನ್ ಎಂಬ ಆ ತೋಪಿನ ತೂಕ ಸುಮಾರು 55 ಟನ್. 1549ರಲ್ಲಿ ಅಹಮದನಗರದಲ್ಲಿ ಅದನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ಇಲ್ಲಿಗೆ ಎಳೆದು ತರಲು 400 ಎತ್ತು, 10 ಆನೆ ಬೇಕಾದವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಗುಂಡು ಹಾರುವುದಕ್ಕೆ ಒಂದು ದುಂಡನೆಯ ತೂತು ಸಾಕಿತ್ತು. ರೂಮಿ ಆ ತೂತಿನ ಸುತ್ತ ದವಡೆ ತೆರೆದ ಸಿಂಹದ ಮುಖ ಮಾಡಿದ, ದವಡೆಯ ನಡುವೆ ನುಜ್ಜಾಗುತ್ತಿರುವ ಆನೆಯನ್ನು ಇಟ್ಟ. ಆ ಸಿಂಹದ ದೆಸೆಯಿಂದ ಗುಂಡು ಒಂದು ಗೇಣೂ ಹೆಚ್ಚು ದೂರ ಹೋಗುವುದಿಲ್ಲ. ಅದರ ಕೆಲಸವೇ ಬೇರೆ. ಬತ್ತಿಗೆ ಬೆಂಕಿ ತಗಲುವ ಮೊದಲೇ ಎದುರಿಗೆ ನಿಂತವನ ಎದೆ ನಡುಗಿಸುವುದು ಅದರ ಕೆಲಸ.

ಅದೇ ತೋಪಿನ ಮೈಮೇಲೆ ಇನ್ನೊಂದು ಗುರುತಿದೆ. 1686ರಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದುಕೊಂಡ ಮೇಲೆ ತನ್ನ ಗೆಲುವಿನ ಶಾಸನವನ್ನು ಅದರ ಮೇಲೆ ಕೆತ್ತಿಸಿದ. ಮೊದಲ ಒಡೆಯನಾದ ಅಹಮದನಗರದ ನಿಜಾಮಶಾಹನ ಹೆಸರು, ಎರಕ ಹೊಯ್ದವನ ಹೆಸರು ಹಾಗೇ ಉಳಿದಿವೆ. ಹೊಸ ಒಡೆಯನ ಹೆಸರು ಅವುಗಳ ಜೊತೆಗೆ ಬಂದು ಕೂತಿದೆ.

ಕಾರು ಕೊಂಡವರು ಅದರ ರೂಪವನ್ನು ಯಾಕೆ ಬದಲಿಸುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಎರಡು ಕೆತ್ತನೆಗಳು. ಯಂತ್ರದೊಳಗಿನ ಬಲ ಕಣ್ಣಿಗೆ ಕಾಣಬೇಕು ಎನ್ನುವುದು ಒಂದು ಹಂಬಲ. ಇದು ಯಾರದೆಂದು ನೋಡಿದವರಿಗೆ ತಿಳಿಯಬೇಕು ಎನ್ನುವುದು ಇನ್ನೊಂದು. ನಾಲ್ಕೂವರೆ ಶತಮಾನ ದಾಟಿದರೂ ಈ ಎರಡರಲ್ಲಿ ಒಂದೂ ಮಾಸಿಲ್ಲ.

ಮೊನ್ನೆ ನಮ್ಮ ಬೈಕಿನ ನಂಬರ್ ಪ್ಲೇಟಿನ ಕೆಲಸಕ್ಕೆಂದು ರೇಡಿಯಂ ಅಂಗಡಿಯೊಂದರ ಮುಂದೆ ಕೂತಿದ್ದೆ. ಟಿಕೋಟಾ ಕಡೆಯ ಹುಡುಗನೊಬ್ಬ ತನ್ನ ಕರಿ ಥಾರ್ ತಂದು ನಿಲ್ಲಿಸಿದ. ಮನೆಯಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು. ಈ ಸಲದ ಮಾಲು ತಾಸಗಾಂವದ ಪೇಟೆಯಲ್ಲಿ ಒಳ್ಳೆಯ ದರಕ್ಕೆ ಹೋಗಿತ್ತು. ಗಾಡಿ ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಆಗಲೇ ಅಗಲದ ಟಾಯರ್, ಹೊಸ ಅಲಾಯ್ ವ್ಹೀಲು, ಮುಂದಿನ ಜಾಲರಿ ಬದಲಾಗಿದ್ದವು. ಈಗ ಬಾನೆಟ್ಟಿನ ಮೇಲೆ ಎರಡು ಪಟ್ಟೆ, ಹಿಂದಿನ ಗಾಜಿಗೆ ಅವ್ವನ ಹೆಸರು ಹಾಕಿಸಬೇಕಿತ್ತು. ಕಂಪನಿಯವರೇ ಇಷ್ಟು ಚಂದ ಮಾಡಿ ಕೊಟ್ಟಿದ್ದಾರಲ್ಲ, ಮತ್ತೆ ಯಾಕಪ್ಪಾ ಎಂದು ಕೇಳಿದೆ.

“ಚಂದ ಐತ್ರಿ ಕಾಕಾ, ಇಲ್ಲ ಅನ್ನಂಗಿಲ್ಲ. ಆದ್ರ ಇಂಥವು ಊರಾಗ ನಾಕು ಅದಾವ್ರಿ. ನಾ ಬಂದ್ರ ದೂರಿಂದನ ಗೊತ್ತಾಗಬೇಕಲ್ರಿ, ಇದು ನಮ್ಮ ಗಾಡಿ ಅಂತ.”

“ಎಷ್ಟು ರೊಕ್ಕ ಹೋತು?”

“ಹೌಸಿಗಿ ಲೆಕ್ಕ ಇಡಬಾರದ್ರಿ.”

ಹೌಸ್ ಎಂಬ ಮಾತು ಮರಾಠಿ ಗಡಿಯಿಂದ ಬಂದು ನಮ್ಮ ಕಡೆ ಮನೆಯ ಮಾತೇ ಆಗಿದೆ. ಆಸೆ, ಖುಷಿ, ಶೋಕಿ, ಪ್ರೀತಿ ನಾಲ್ಕೂ ಅದರೊಳಗಿವೆ. ಆ ಹುಡುಗ ಒಂದೇ ಮಾತಿನಲ್ಲಿ ಹೇಳಿದ್ದನ್ನು ಬಿಡಿಸಿ ನೋಡುವುದೇ ಈ ವಾರದ ನನ್ನ ಕೆಲಸ.

ಅಸಲಿ ಸ್ಪೋರ್ಟ್ಸ್ ಕಾರು ನಮ್ಮ ರಸ್ತೆಗಳಲ್ಲಿ ಕಾಣುವುದು ಅಪರೂಪ. ಆದರೆ ನಮ್ಮ ಹುಡುಗರು ತಮ್ಮ ಥಾರ್‌ಗೆ, ಸ್ವಿಫ್ಟಿಗೆ, ಬೈಕಿಗೆ ಹಾಕಿಸುವ ಬಹುಪಾಲು ಸಾಮಾನಿನ ಹುಟ್ಟು ಸ್ಪೋರ್ಟ್ಸ್ ಕಾರಿನಲ್ಲೇ ಇದೆ. ಹಿಂದಿನ ರೆಕ್ಕೆ, ಅಗಲದ ಟಾಯರು, ಬಾನೆಟ್ಟಿನ ಮೇಲಿನ ಗಾಳಿಬಾಯಿ, ಉದ್ದಕ್ಕೆ ಎಳೆದ ಪಟ್ಟೆ, ಇವೆಲ್ಲ ಮೊದಲು ಹುಟ್ಟಿದ್ದು ಚಂದಕ್ಕಲ್ಲ. ಒಂದೊಂದಕ್ಕೂ ಒಂದು ಕೆಲಸವಿತ್ತು.

ಹಿಂದಿನ ರೆಕ್ಕೆಯನ್ನೇ ತೆಗೆದುಕೊಳ್ಳಿ. ಬೆನ್ನು ಇಳಿಜಾರಾಗಿರುವ ಕಾರು ಜೋರಾಗಿ ಓಡುವಾಗ ಗಾಳಿ ಅದರ ಬೆನ್ನ ಮೇಲೆ ರಭಸದಿಂದ ಜಾರುತ್ತದೆ, ಅಲ್ಲಿ ಒತ್ತಡ ಕುಗ್ಗುತ್ತದೆ, ಕಾರಿನ ಹಿಂಭಾಗ ನೆಲದಿಂದ ಹಗುರಾಗುತ್ತದೆ. ಟಾಯರಿನ ಹಿಡಿತ ತಪ್ಪಿದರೆ ತಿರುವಿನಲ್ಲಿ ಕಾರು ಸುತ್ತು ಹೊಡೆಯುತ್ತದೆ. 1972ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಪೋರ್ಷೆ ಕಂಪನಿ ತನ್ನ 911 ಕರೇರಾ ಆರ್‌ಎಸ್ 2.7 ಕಾರನ್ನು ಜನರ ಮುಂದಿಟ್ಟಾಗ ಅದರ ಹಿಂಬದಿಯಲ್ಲಿ ಬಾತುಕೋಳಿಯ ಬಾಲದಂತೆ ಮೇಲೆದ್ದ ಒಂದು ಅಂಚು ಇತ್ತು. ಗಾಳಿಯ ಜಾರುವಿಕೆಯನ್ನು ತಡೆದು ಹಿಂದಿನ ಚಕ್ರಗಳನ್ನು ನೆಲಕ್ಕೆ ಅಂಟಿಸಿಡುವುದು ಅದರ ಕೆಲಸ. ರೇಸಿನ ನಿಯಮದಂತೆ 500 ಕಾರು ತಯಾರಿಸಿದರೆ ಸಾಕಿತ್ತು. ಬೇಡಿಕೆ ಬಂದು 1,580 ತಯಾರಾದವು. ಕೊಂಡವರೆಲ್ಲ ರೇಸಿಗೆ ಹೋಗಲಿಲ್ಲ. ಆದರೆ ಆ ಬಾಲ ಕಂಡವರಿಗೆ ಇದು ಓಟದ ಕಾರು ಎಂದು ತಿಳಿಯುತ್ತಿತ್ತು. ಅಲ್ಲಿಂದ ಮುಂದೆ ಬಾಲವೇ ಒಂದು ಮಾತಾಯಿತು.

ಪಟ್ಟೆಯ ಕತೆಯೂ ಹಾಗೇ. ಹಿಂದೆ ಕಾರಿನ ರೇಸುಗಳಲ್ಲಿ ದೇಶಕ್ಕೊಂದು ಬಣ್ಣವಿತ್ತು: ಇಟಲಿಗೆ ಕೆಂಪು, ಇಂಗ್ಲೆಂಡಿಗೆ ಹಸಿರು, ಫ್ರಾನ್ಸಿಗೆ ನೀಲಿ. ಅಮೆರಿಕದ ತಂಡಗಳು ಬಿಳಿ ಮತ್ತು ನೀಲಿ ಬಳಸಿದವು. 1965ರ ಶೆಲ್ಬಿ ಮಸ್ಟಾಂಗ್ ಬಿಳಿ ಮೈಮೇಲೆ ನೀಲಿ ಪಟ್ಟೆ ಹೊತ್ತು ರಸ್ತೆಗೆ ಬಂದಾಗ ರೇಸಿನ ಗುರುತು ಊರಿನ ಬೀದಿಗೆ ಇಳಿಯಿತು. ಹಗುರ ಲೋಹದ ಅಲಾಯ್ ಚಕ್ರ ಉಬ್ಬುತಗ್ಗಿನ ಮೇಲೆ ಬೇಗ ಏರಿ ಇಳಿದು ನೆಲ ಬಿಡದೆ ಓಡುತ್ತದೆ. ಬಾನೆಟ್ಟಿನ ಮೇಲಿನ ಬಾಯಿ ಎಂಜಿನ್ನಿಗೆ ಗಾಳಿ ಕೊಡುತ್ತದೆ. ಒಬ್ಬ ಓಟಗಾರನಿಗೆ ಅಗತ್ಯವಾಗಿದ್ದದ್ದು ಸಾವಿರ ಜನರ ಕಣ್ಣಿಗೆ ವೇಗದ ಗುರುತಾಗಿ ಬಿತ್ತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಜಮಖಂಡಿ ರಸ್ತೆಯಲ್ಲಿ ಓಡುವ ಕಾರಿಗೆ ಹಿಂದಿನ ರೆಕ್ಕೆಯಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಅದನ್ನು ಹಾಕಿಸಿದವನಿಗೂ ಇದು ಗೊತ್ತು. ಅವನು ಕೊಂಡದ್ದು ಒಂದು ಅರ್ಥವನ್ನು.

ಹೀಗೆ ಬಳಕೆಯ ವಸ್ತು ಒಡವೆಯಾಗುವ ಬಗೆ ನಮ್ಮ ಸೀಮೆಯ ಒಕ್ಕಲಿಗರಿಗೆ ಹೊಸದೇನೂ ಅಲ್ಲ. ಖಿಲಾರಿ ಎತ್ತು ನೋಡಿದವರಿಗೆ ಸ್ಪೋರ್ಟ್ಸ್ ಕಾರು ಎಂದರೇನು ಎಂದು ಬೇರೆ ಹೇಳಬೇಕಿಲ್ಲ. ಬಿಗಿ ಮೈ, ನೀಳ ಕೋಡು, ಚುರುಕು ಕಾಲು. ಭಾರಕ್ಕಿಂತ ಓಟಕ್ಕೆ ಹೆಸರಾದ ತಳಿ ಅದು. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಟಿಕೋಟಾ ದಾರಿಯಲ್ಲಿರುವ ತೊರವಿಯ ಬಯಲಿನಲ್ಲಿ ದನದ ಜಾತ್ರೆ ಕೂಡುತ್ತದೆ. ಅಲ್ಲಿ ಜೋಡಿ ಎತ್ತಿಗೆ ಹಾಕಿದ ಸಿಂಗಾರವನ್ನು ಒಂದೊಂದಾಗಿ ನೋಡಿ. ಕೋಡಿನ ತುದಿಗೆ ಹಿತ್ತಾಳೆಯ ಕೋಡಣಸು: ಮೊದಲು ಅದು ಕೋಡು ಸೀಳದಂತೆ, ತಿವಿದರೆ ಗಾಯ ಆಳವಾಗದಂತೆ ಕಾಯುತ್ತಿತ್ತು. ಬೆನ್ನ ಮೇಲಿನ ಝೂಲ ಮಾಗಿಯ ಚಳಿಗೆ ಹೊದಿಕೆ. ಕೊರಳ ಗೆಜ್ಜೆಸರ ಕತ್ತಲ ದಾರಿಯಲ್ಲಿ ಎದುರಿನ ಬಂಡಿಗೆ ಕೊಟ್ಟ ಸೂಚನೆ. ಹಣೆಯ ಮೇಲಿನ ಗೊಂಡೆ ನೊಣ ಅಟ್ಟುತ್ತಿತ್ತು. ನಮ್ಮೂರಿನ ಟಾಂಗಾ ಕುದುರೆಯ ಕಣ್ಣುಪಟ್ಟಿಯೂ ಹಾಗೇ. ಅಕ್ಕಪಕ್ಕದ ಗದ್ದಲಕ್ಕೆ ಬೆದರದಿರಲಿ ಎಂದು ಕಟ್ಟಿದ್ದು ಬರಬರುತ್ತ ಬಣ್ಣದ ಚರ್ಮ, ಹೊಳೆಯುವ ಮೊಳೆ ಸೇರಿ ಸಿಂಗಾರವಾಯಿತು.

ಕಾರ ಹುಣ್ಣಿಮೆಯ ದಿನ ಬೆಳಗ್ಗೆ ನಮ್ಮಪ್ಪ ಎತ್ತಿನ ಮೈ ತೊಳೆದು, ಕೋಡು ಹೆರೆದು ನುಣುಪು ಮಾಡಿ, ಬಣ್ಣ ಹಚ್ಚಲು ಕೂರುತ್ತಿದ್ದ. ಒಂದಕ್ಕೆ ಹಸಿರು, ಒಂದಕ್ಕೆ ಗುಲಾಬಿ. ಬಣ್ಣ ಹಚ್ಚುವಾಗ ಎತ್ತಿನ ಜೊತೆ ಮಾತಾಡುತ್ತಿದ್ದ. ನನ್ನ ಕೈಗೆ ಕುಂಚ ಕೊಡು ಎಂದು ಹಟ ಹಿಡಿದರೆ, ಹಣೆಯ ಮೇಲೆ ಒಂದು ಬೊಟ್ಟು ಇಡಲು ಮಾತ್ರ ಬಿಡುತ್ತಿದ್ದ. ಸಂಜೆ ಅಗಸಿಗೆ ಕಟ್ಟಿದ ಕರಿಯ ಹಗ್ಗವನ್ನು ಎತ್ತುಗಳು ಓಡಿ ಹರಿಯುವಾಗ ಊರೇ ನೆರೆಯುತ್ತಿತ್ತು. ಬಿಳಿ ಎತ್ತು ಮೊದಲು ಹರಿದರೆ ಹಿಂಗಾರಿ, ಕೆಂದೆತ್ತು ಹರಿದರೆ ಮುಂಗಾರಿ ಬೆಳೆ ಚೆನ್ನಾಗಿ ಬರುತ್ತದೆ ಎಂಬ ಲೆಕ್ಕಾಚಾರ. ಆದರೆ ಅದಕ್ಕೂ ಮೊದಲು ಯಾರ ಜೋಡಿ ಹೇಗೆ ಒಪ್ಪಿದೆ ಎಂಬ ಮಾತು ನಡೆಯುತ್ತಿತ್ತು. ಗುಲಾಬಿ ಕೋಡು ದೂರದಲ್ಲಿ ಕಂಡದ್ದೇ ತಡ, ಇವು ಇಂಥವರ ಎತ್ತು ಎಂದು ಜನ ಹೇಳಬೇಕು. ರೇಡಿಯಂ ಅಂಗಡಿಯ ಹುಡುಗ ನನಗೆ ಹೇಳಿದ್ದು ಅದೇ ಮಾತು.

ತನ್ನದು ಬೇರೆಯಾಗಿ ಕಾಣಬೇಕೆಂಬ ಈ ಹಂಬಲಕ್ಕೆ ಇನ್ನೊಂದು ಕಾರಣ ಕಾರ್ಖಾನೆಯಲ್ಲಿದೆ. ಎತ್ತು ಹುಟ್ಟುತ್ತಲೇ ಬೇರೆ ಬೇರೆ. ಒಂದರ ಸುಳಿ ಇನ್ನೊಂದಕ್ಕಿಲ್ಲ. ಕಾರು ಹಾಗಲ್ಲ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕರಿ ಬಣ್ಣದಲ್ಲಿ ಮಾತ್ರ ಬಂತು. 1927ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿಗೂ ಹೆಚ್ಚು ಕಾರುಗಳು ಹೊರಬಿದ್ದಿದ್ದವು. ಹೆಚ್ಚುಕಮ್ಮಿ ಎಲ್ಲ ಒಂದೇ ಅಚ್ಚು. ಆ ಕಾರಿಗೆಂದೇ ಹೊರಗಿನ ಅಂಗಡಿಗಳಲ್ಲಿ ಬಗೆಬಗೆಯ ಸಾಮಾನು ಮಾರಾಟಕ್ಕೆ ಬಂತು. ಕೊಂಡವರು ಅವನ್ನು ಹಾಕಿಕೊಂಡು ತಮ್ಮದನ್ನು ಬೇರೆ ಮಾಡಿಕೊಂಡರು. 1927ರಲ್ಲೇ ಜನರಲ್ ಮೋಟರ್ಸ್ ಕಂಪನಿ ಹಾರ್ಲಿ ಅರ್ಲ್ ಎಂಬಾತನ ಕೈಗೆ ಕಲೆ ಮತ್ತು ಬಣ್ಣದ ಒಂದು ವಿಭಾಗವನ್ನೇ ಕೊಟ್ಟಿತು. ಜನ ಎಂಜಿನ್ ಜೊತೆಗೆ ರೂಪವನ್ನೂ ಕೊಳ್ಳುತ್ತಾರೆಂದು ಕಂಪನಿಗಳಿಗೆ ಅರ್ಥವಾಗಿ ಈಗ ನೂರು ವರ್ಷವಾಗುತ್ತ ಬಂತು. ಹಾಗಿದ್ದರೂ ಕಂಪನಿ ಕೊಟ್ಟ ರೂಪ ಎಲ್ಲರಿಗೂ ಒಂದೇ. ಕೋಟಿ ರೂಪಾಯಿಯ ಕಾರಾದರೂ ಅದರಂಥದ್ದೇ ಇನ್ನೊಂದು ಎಲ್ಲೋ ಓಡುತ್ತಿರುತ್ತದೆ. ಕೊಂಡವನಿಗೆ ಆ ಒಂದು ಕೊರತೆ ಉಳಿದೇ ಉಳಿಯುತ್ತದೆ.

ಈ ಕೊರತೆಯನ್ನು ತುಂಬುವುದು ಕೈಕೆಲಸ. ಜಪಾನಿನ ಚಿಬಾದಲ್ಲಿ ಅಕಿರಾ ನಕಾಯ್ ಎಂಬ ಕುಶಲಕರ್ಮಿ ಇದ್ದಾರೆ. ಪೋರ್ಷೆ 911 ಕಾರಿನ ಮಡ್‌ಗಾರ್ಡನ್ನು ತಮ್ಮ ಕೈಯಾರೆ ಕೊಯ್ದು, ಅಗಲವಾದ ಹೊಸ ಅಂಚು ಕೂರಿಸುವುದು ಅವರ ಕಸುಬು. ಅಷ್ಟು ಬೆಲೆಯ ಕಾರಿಗೆ ಗರಗಸ ಹಾಕಿಸಿಕೊಳ್ಳಲು ದೇಶದೇಶದ ಜನ ಅವರನ್ನು ಕರೆಸಿಕೊಳ್ಳುತ್ತಾರೆ. ಕೆಲಸ ಮುಗಿದ ಪ್ರತಿ ಕಾರಿಗೂ ಅವರು ಒಂದು ಹೆಸರಿಡುತ್ತಾರೆ. ಇದನ್ನು ಮೊದಲು ತಿಳಿದಾಗ ನನಗೆ ನಮ್ಮ ವಿಜಯಪುರದ ಎರಡನೇ ಇಬ್ರಾಹಿಂ ಆದಿಲಶಾಹ ನೆನಪಾದ. ಆ ಸುಲ್ತಾನನಿಗೆ ಜೀವಕ್ಕಿಂತ ಹೆಚ್ಚಾದ ಒಂದು ಆನೆಯಿತ್ತು, ಆತಶ್ ಖಾನ್ ಎಂದು ಅದರ ಹೆಸರು. ತನ್ನ ತಂಬೂರಿಗೂ ಅವನು ಮೋತಿ ಖಾನ್ ಎಂದು ಹೆಸರಿಟ್ಟಿದ್ದ. ನಮ್ಮ ಹಟ್ಟಿಯಲ್ಲೂ ಎತ್ತಿಗೆ ಹೆಸರಿಲ್ಲದೆ ಇರುವುದಿಲ್ಲ. ಹೆಸರಿಟ್ಟ ಮೇಲೆ ವಸ್ತು ವಸ್ತುವಾಗಿ ಉಳಿಯುವುದಿಲ್ಲ, ಮನೆಯ ಮಂದಿಯಾಗುತ್ತದೆ.

ಕೊಳ್ಳುವವರ ಮನಸ್ಸಿನ ಬಗ್ಗೆ ಅಧ್ಯಯನ ಮಾಡುವವರೂ ಇದನ್ನು ಗುರುತಿಸಿದ್ದಾರೆ. ನಮ್ಮ ವಸ್ತುಗಳು ನಮ್ಮ ‘ನಾನು’ ಎಂಬುದರ ವಿಸ್ತಾರ ಎಂದು ರಸೆಲ್ ಬೆಲ್ಕ್ 1988ರಲ್ಲಿ ಬರೆದರು. ಅಂಗಡಿಯಿಂದ ಸಿದ್ಧವಾಗಿ ತಂದದ್ದಕ್ಕಿಂತ ತಾನೇ ಜೋಡಿಸಿದ್ದಕ್ಕೆ ಮನುಷ್ಯ ಹೆಚ್ಚು ಬೆಲೆ ಕೊಡುತ್ತಾನೆ ಎಂದು 2012ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಬಿಡಿಬಿಡಿಯಾಗಿ ತಂದು ಮನೆಯಲ್ಲೇ ಕೂಡಿಸುವ ಐಕಿಯಾ ಕಂಪನಿಯ ಪೀಠೋಪಕರಣಗಳ ನೆನಪಿಗೆ ಅದನ್ನು ‘ಐಕಿಯಾ ಪರಿಣಾಮ’ ಎಂದು ಕರೆದರು. ಕಾರಿನ ಪೇಟೆಯಲ್ಲಿ ಇದಕ್ಕೆ ನೇರ ಸಾಕ್ಷಿಯಿದೆ. ರೂಪ ಬದಲಿಸಿದ ಗಾಡಿಯನ್ನು ಮಾರಲು ಹೋದರೆ ಹಾಕಿದ ರೊಕ್ಕ ಹುಟ್ಟುವುದಿಲ್ಲ. ಕೊಳ್ಳುವವನು ಕಂಪನಿಯಿಂದ ಬಂದ ಹಾಗೇ ಇರುವುದನ್ನು ಹುಡುಕುತ್ತಾನೆ. ದನದ ಜಾತ್ರೆಯಲ್ಲೂ ಜಾಣ ರೈತ ಗೊಂಡೆ, ಝೂಲ ಬದಿಗೆ ಸರಿಸಿ ಹಲ್ಲು, ಸುಳಿ ನೋಡುತ್ತಾನೆ. ಮಾರಾಟಕ್ಕೆ ನೆರವಾಗದ ಖರ್ಚನ್ನು ಜನ ಇಷ್ಟು ಪ್ರೀತಿಯಿಂದ ಮಾಡುತ್ತಾರೆಂದರೆ ಅದರ ಬೇರು ಲಾಭದಲ್ಲಿ ಇಲ್ಲ ಎಂದೇ ಅರ್ಥ.

ತೋರಿಕೆಗಾಗಿ ಮಾಡುವ ಖರ್ಚಿನ ಬಗ್ಗೆ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ಒಂದು ಪುಸ್ತಕ ಬರೆದಿದ್ದಾರೆ. ಉಳ್ಳವರು ತಮ್ಮ ಸಂಪತ್ತು ಇತರರಿಗೆ ಕಾಣಲೆಂದೇ ಖರ್ಚು ಮಾಡುತ್ತಾರೆ ಎಂಬುದು ಅವರ ವಾದ. ಅದರಲ್ಲಿ ನಿಜವಿದೆ. ಆದರೆ ನಮ್ಮ ಸೀಮೆಯನ್ನು ಅಷ್ಟರಲ್ಲೇ ಅಳೆದರೆ ಅನ್ಯಾಯವಾಗುತ್ತದೆ. ಟಿಕೋಟಾ, ಬಬಲೇಶ್ವರ ಈಗ ತಾಲ್ಲೂಕು ಕೇಂದ್ರಗಳು. ಬರ ಎಂಬ ಮಾತಿನ ಜೊತೆಗೇ ಈ ಊರುಗಳ ಹೆಸರು ಕೇಳಿಬರುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ಟ್ಯಾಂಕರ್ ನೀರು ಹಾಕಿ ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ಮನೆಗಳಿವು. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯ ಕಾಲುವೆಗಳು ಬಂದು, ಕೆರೆ ತುಂಬಿ, ಕೃಷ್ಣೆಯ ಕಡೆ ಕಬ್ಬು, ಈ ಕಡೆ ದ್ರಾಕ್ಷಿ ಕೈಹಿಡಿದ ಮೇಲೆ ಎಷ್ಟೋ ಮನೆಗಳಿಗೆ ಮೊದಲ ಕಾರು ಬಂತು. ಅಜ್ಜ ಚಕ್ಕಡಿ ಹೂಡಿದ, ಅಪ್ಪ ಸಾಲದ ಟ್ರ್ಯಾಕ್ಟರ್ ಓಡಿಸಿದ, ಮಗ ಕಾರಿನ ಕೀಲಿ ಹಿಡಿದ. ಮೂರು ತಲೆಮಾರಿನ ಬೆವರು ಬಾಗಿಲ ಮುಂದೆ ನಿಂತಿರುವಾಗ ಅದಕ್ಕೊಂದು ಹೂವಿನ ಸರ, ಒಂದು ಹೆಸರು, ಒಂದು ಪಟ್ಟೆ ಬೇಕೆನಿಸುವುದು ಸಹಜ.

ಆ ಹೆಸರುಗಳನ್ನೂ ಗಮನಿಸಿ. ಗಾಜಿನ ಮೇಲೆ ತನ್ನದೇ ಹೆಸರು ಬರೆಸುವವರು ಕಡಿಮೆ. ಅವ್ವನ ಆಶೀರ್ವಾದ, ಅಪ್ಪನ ಆಶೀರ್ವಾದ, ಊರ ದೇವರ ಪ್ರಸನ್ನ, ಬಸವಣ್ಣ, ಅಂಬೇಡ್ಕರ್, ಶಿವಾಜಿ, ಸಂಗೊಳ್ಳಿ ರಾಯಣ್ಣ. 2023ರ ಜನವರಿ 2ರಂದು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದ ಮೇಲೆ ಅವರ ಚಿತ್ರ ಈ ಭಾಗದ ಗಾಡಿ ಗಾಡಿಯ ಮೇಲೂ ಬಂತು. ಅವರು ಟಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದವರು, ಜೇಬಿಲ್ಲದ ಬಿಳಿ ಅಂಗಿ ತೊಟ್ಟು ಬದುಕಿದವರು. ದುಬಾರಿ ಕಾರಿನ ಗಾಜಿನ ಮೇಲೆ ಆ ಸರಳ ಮುಖ ಕಂಡಾಗ ನನಗೆ ಸಮಾಧಾನವಾಗುತ್ತದೆ. ಈ ಹುಡುಗರಿಗೆ ತಾವು ಎಲ್ಲಿಂದ ಬಂದವರೆಂಬುದು ಮರೆತಿಲ್ಲ. ತಾನು ಯಾರ ಮಗ, ಯಾವ ಊರಿನವ, ಯಾರಿಗೆ ತಲೆಬಾಗುವವ ಎಂದು ಹೇಳಿಕೊಳ್ಳಲು ಅವರಿಗೆ ಸಿಕ್ಕ ಗೋಡೆ ಆ ಗಾಜು. ಕೆಎ-28 ಎಂಬ ನಮ್ಮ ಜಿಲ್ಲೆಯ ನೋಂದಣಿ ಸಂಖ್ಯೆಯನ್ನೇ ಸ್ಟಿಕರ್ ಮಾಡಿಸಿ ಅಂಟಿಸುವ ಹುಡುಗರೂ ಇದ್ದಾರೆ. ಪುಣೆ, ಬೆಂಗಳೂರಿನ ರಸ್ತೆಯಲ್ಲಿ ಆ ಎರಡಕ್ಷರ, ಎರಡಂಕಿ ಕಂಡರೆ ನಮ್ಮವರು ಹಾರ್ನ್ ಹೊಡೆದು ಕೈ ಎತ್ತುತ್ತಾರೆ.

ಹಾಗಾಗಿ ರೂಪ ಬದಲಿಸುವವರನ್ನೆಲ್ಲ ಸೊಕ್ಕಿನವರು, ದುಂದುಗಾರರು ಎಂದು ತಳ್ಳಿಹಾಕುವ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಎತ್ತಿನ ಸಿಂಗಾರದಲ್ಲಿದ್ದ ಒಂದು ಗುಣ ಗಾಡಿಯ ಸಿಂಗಾರದಲ್ಲಿ ಕೆಲವೊಮ್ಮೆ ಕಳೆದುಹೋಗುತ್ತಿದೆ. ಅದನ್ನು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ.

ಅಪ್ಪ ಬಣ್ಣ ಹಚ್ಚಿದ ಕೋಡು ನೋಡಿದವರಿಗೆ ಖುಷಿ ಕೊಡುತ್ತಿತ್ತು, ಯಾರಿಂದಲೂ ಏನನ್ನೂ ಕಸಿಯುತ್ತಿರಲಿಲ್ಲ. ಗೆಜ್ಜೆಯ ದನಿ ಎದುರಿನವನನ್ನು ಕಾಯುತ್ತಿತ್ತು. ಈ ಒಂದು ಅಳತೆಗೋಲು ಹಿಡಿದು ನಮ್ಮ ಗಾಡಿಗಳ ಸಿಂಗಾರವನ್ನು ನೋಡೋಣ. ಪಟ್ಟೆ, ಹೆಸರು, ಸೀಟಿನ ಹೊದಿಕೆ, ಒಳಗಿನ ಗೊಂಡೆ ಇವುಗಳಿಂದ ಯಾರಿಗೂ ತೊಂದರೆಯಿಲ್ಲ. ಕಣ್ಣು ಕುಕ್ಕುವ ಎಲ್‌ಇಡಿ ಲೈಟು ಹಾಗಲ್ಲ. ಹಳೆಯ ಬಗೆಯ ಹೆಡ್‌ಲೈಟಿನ ಬೋಗುಣಿಯನ್ನು ಒಳಗಿನ ಸಣ್ಣ ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅದರೊಳಗೆ ಬೇರೆ ಆಕಾರದ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ನೆಲಕ್ಕೆ ಬೀಳುವ ಬದಲು ನಾಲ್ಕೂ ಕಡೆ ಚದುರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಬೈಕ್ ಸವಾರನಿಗೆ ನಾಲ್ಕು ಕ್ಷಣ ರಸ್ತೆಯೇ ಕಾಣುವುದಿಲ್ಲ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇಂಥ ಲೈಟುಗಳ ವಿರುದ್ಧ ವಿಶೇಷ ಕಾರ್ಯಾಚರಣೆ ನಡೆಸಬೇಕಾಗಿ ಬಂದದ್ದು ಇದಕ್ಕಾಗಿಯೇ.

ಮುಂದಿನ ಬಂಪರಿಗೆ ಹಾಕಿಸುವ ಉಕ್ಕಿನ ಗಾರ್ಡಿನದು ಇನ್ನೊಂದು ಕತೆ. ಅದು ನಮ್ಮನ್ನು ಕಾಯುತ್ತದೆ ಎಂದು ಜನ ನಂಬುತ್ತಾರೆ. ಆಗುವುದು ಅದಕ್ಕೆ ವಿರುದ್ಧ. ಡಿಕ್ಕಿಯಾದಾಗ ಕಾರಿನ ಮುಂಭಾಗ ತಾನು ಮುದುಡಿಕೊಂಡು ಪೆಟ್ಟನ್ನು ನುಂಗಬೇಕೆಂದು ಕಂಪನಿಯವರು ರೂಪಿಸಿರುತ್ತಾರೆ. ಏರ್‌ಬ್ಯಾಗ್ ತೆರೆಯುವುದೂ ಆ ಪೆಟ್ಟನ್ನು ಅರಿತೇ. ನಡುವೆ ಗಟ್ಟಿ ಗಾರ್ಡ್ ಬಂದರೆ ಪೆಟ್ಟು ನೇರ ಒಳಗಿನವರಿಗೆ ಸಾಗುತ್ತದೆ, ಏರ್‌ಬ್ಯಾಗಿನ ಲೆಕ್ಕ ತಪ್ಪಬಹುದು, ಅಡ್ಡ ಬಂದ ಪಾದಚಾರಿಗಂತೂ ಉಳಿಗಾಲವಿಲ್ಲ. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಇವುಗಳನ್ನು ತೆಗೆಸಲು ರಾಜ್ಯಗಳಿಗೆ ಹೇಳಿತು. ಕರಿ ಗಾಜಿನ ವಿಷಯದಲ್ಲಿ ನಿಯಮ ಇನ್ನೂ ಹಳೆಯದು: ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜು ಕನಿಷ್ಠ ಶೇ 50ರಷ್ಟು ಬೆಳಕು ಬಿಡಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕರಿ ಫಿಲ್ಮಿನ ಬಗ್ಗೆ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು.

ಒಟ್ಟಾರೆ ಕಾನೂನು ಹೇಳುವುದಿಷ್ಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟು ನೋಂದಣಿ ಪುಸ್ತಕದಲ್ಲಿ ದಾಖಲಾದ ಮೂಲ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಎರಡೂ ಬೀಳಬಹುದು. ಬಣ್ಣ ಬದಲಿಸಿದರೆ ಆರ್‌ಟಿಒ ಕಚೇರಿಗೆ ತಿಳಿಸಿ ಪುಸ್ತಕದಲ್ಲಿ ದಾಖಲಿಸಿಕೊಳ್ಳಬೇಕು. ನಂಬರ್ ಪ್ಲೇಟಿನ ಅಂಕಿಗಳನ್ನು ಅಕ್ಷರದ ಹಾಗೆ ಕಾಣುವಂತೆ ತಿರುಚಿಸುವಂತಿಲ್ಲ. ವಿಮೆ ಕಂಪನಿಗೆ ಹೇಳದೆ ಮಾಡಿಸಿದ ಬದಲಾವಣೆ ಅಪಘಾತದ ದಿನ ಪರಿಹಾರಕ್ಕೆ ಅಡ್ಡ ಬರಬಹುದು. ಸೈಲೆನ್ಸರ್ ಕೊರೆಸಿ ಸದ್ದು ಮಾಡುವ ಬೈಕು, ಆಸ್ಪತ್ರೆಯ ಮುಂದೆ ಹಾದರೂ ಅಷ್ಟೇ, ಪರೀಕ್ಷೆಗೆ ಓದುತ್ತ ಕೂತ ಹುಡುಗಿಯ ಮನೆಯ ಮುಂದೆ ಹಾದರೂ ಅಷ್ಟೇ, ಕಸಿಯುವ ಸಿಂಗಾರ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಕಾರಲ್ಲ, ಕಬ್ಬಿನ ಟ್ರ್ಯಾಕ್ಟರ್. ಸುಗ್ಗಿಯ ತಿಂಗಳುಗಳಲ್ಲಿ ಬಬಲೇಶ್ವರದ ದಾರಿಯಲ್ಲಿ ರಾತ್ರಿ ಹೊರಟವರಿಗೆ ಇದು ಗೊತ್ತು. ನಂದಿ ಸಹಕಾರಿ ಸಕ್ಕರೆ ಕಾರ್ಖಾನೆ ಮತ್ತು ಸುತ್ತಲಿನ ಕಾರ್ಖಾನೆಗಳ ಕಡೆ ಎರಡೆರಡು ಟ್ರೇಲರ್ ಎಳೆದುಕೊಂಡು ಸಾಲುಸಾಲು ಟ್ರ್ಯಾಕ್ಟರ್ ಹೋಗುತ್ತವೆ. ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರಿನಷ್ಟು ಪ್ರೀತಿಯಿಂದ ಸಿಂಗಾರಗೊಂಡ ವಾಹನ ಇನ್ನೊಂದಿಲ್ಲ. ಟಾಪಿನ ತುಂಬ ಬಣ್ಣದ ಲೈಟು, ಮುಂದೆ ಹೂವಿನ ಹಾರ, ದೊಡ್ಡ ಡೆಕ್ಕು, ಮಡ್‌ಗಾರ್ಡಿನ ಮೇಲೆ ಚಿತ್ತಾರ. ಎತ್ತಿನ ಜಾಗಕ್ಕೆ ಬಂದ ಯಂತ್ರ ಅದು, ಎತ್ತಿನ ಪ್ರೀತಿಯನ್ನೂ ಪಡೆದುಕೊಂಡಿದೆ. ಎತ್ತುಗಳ ತೆರಬಂಡಿ ಸ್ಪರ್ಧೆಗೆ ನೆರೆಯುತ್ತಿದ್ದ ಜನ ಈಗ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಗೂ ನೆರೆಯುತ್ತಾರೆ. ಆದರೆ ಮುಂದೆ ಇಷ್ಟೆಲ್ಲ ಬೆಳಕಿರುವ ಎಷ್ಟೋ ಟ್ರ್ಯಾಕ್ಟರುಗಳ ಹಿಂದಿನ ಟ್ರೇಲರಿಗೆ ಒಂದು ಕೆಂಪು ರಿಫ್ಲೆಕ್ಟರ್ ಇರುವುದಿಲ್ಲ. ಕಬ್ಬಿನ ಹೊರೆ ಅಂಚು ಮೀರಿ ಚಾಚಿರುತ್ತದೆ. ರಾತ್ರಿ ಹಿಂದಿನಿಂದ ಬರುವ ಬೈಕಿನವನಿಗೆ ಕತ್ತಲೊಳಗೆ ಇನ್ನೊಂದು ಕತ್ತಲು ನಿಂತ ಹಾಗೆ. ಹತ್ತಿರ ಬಂದಾಗಲೇ ಕಾಣುವುದು, ಆಗ ಹೊತ್ತು ಮೀರಿರುತ್ತದೆ. ಹೀಗೆ ಮನೆ ಸೇರದೆ ಹೋದ ಮಕ್ಕಳ ಸುದ್ದಿಯನ್ನು ಪ್ರತಿ ಸುಗ್ಗಿಯಲ್ಲೂ ಓದುತ್ತೇವೆ.

ಪೋರ್ಷೆಯ ಬಾಲ, ಎತ್ತಿನ ಕೋಡಣಸು ನಮಗೆ ಹೇಳುವುದು ಒಂದನ್ನೇ: ಒಳ್ಳೆಯ ಸಿಂಗಾರದ ಬುಡದಲ್ಲಿ ಒಂದು ಉಪಯೋಗ ಇರುತ್ತಿತ್ತು. ಚಂದವೂ ಕಾವಲೂ ಅಲ್ಲಿ ಬೇರೆಯಾಗಿರಲಿಲ್ಲ. ಆ ನಂಟನ್ನು ಮತ್ತೆ ಕಟ್ಟಲು ದೊಡ್ಡ ಖರ್ಚು ಬೇಕಿಲ್ಲ. ಹೆಸರು ಬರೆಯುವ ರೇಡಿಯಂ ಅಂಗಡಿಯಲ್ಲೇ ಬೆಳಕು ಬಿದ್ದರೆ ಮಿನುಗುವ ಕೆಂಪು, ಬಿಳಿ, ಹಳದಿ ಪಟ್ಟಿಯೂ ಸಿಗುತ್ತದೆ. ಟ್ರೇಲರಿನ ಹಿಂಭಾಗದಲ್ಲಿ ಅದನ್ನೇ ಚಿತ್ತಾರವಾಗಿ ಅಂಟಿಸಬಹುದು. ಹೌಸ್ ಇರುವ ಕೈಗೆ ಹತ್ತು ಬಗೆ ತಾನಾಗಿಯೇ ಹೊಳೆಯುತ್ತದೆ.

ಅವತ್ತು ಅಂಗಡಿಯಲ್ಲಿ ಆ ಹುಡುಗನ ಕೆಲಸ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಅವ್ವನ ಹೆಸರು ಗಾಜಿನ ಮೇಲೆ ಬಿಳಿ ಅಕ್ಷರಗಳಲ್ಲಿ ಚೆನ್ನಾಗಿ ಕೂತಿತ್ತು. ಅವನು ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದ, ಮತ್ತೆ ಹತ್ತಿರ ಬಂದು ಬೆರಳಿನಿಂದ ಒಂದು ಗುಳ್ಳೆ ಒತ್ತಿದ. ನಮ್ಮಪ್ಪ ಕೋಡಿಗೆ ಬಣ್ಣ ಹಚ್ಚಿ ಹಿಂದೆ ಸರಿದು ನೋಡುತ್ತಿದ್ದದ್ದು ಹೀಗೇ. ನಾನು ತಡೆಯಲಾರದೆ ಕೇಳಿದೆ, “ಮನ್ಯಾಗ ಟ್ರ್ಯಾಕ್ಟರ್ ಐತೇನು?”

“ಐತ್ರಿ ಕಾಕಾ, ಎರಡ ಟ್ರೇಲರ್ ಅದಾವ್ರಿ.”

“ಅದರ ಹಿಂದ ಏನರ ಹಚ್ಚೀರೇನು? ರಾತ್ರಿ ಯಾರರ ಅವ್ವನ ಮಗ ಹಿಂದ ಬರ್ತಿರ್ತಾನ.”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂಗಡಿಯವನ ಕಡೆ ತಿರುಗಿ, ಕೆಂಪು ಪಟ್ಟಿ ಎಷ್ಟು ಮೀಟರ್ ಐತಿ ಎಂದು ಕೇಳಿದ. ಸುರುಳಿಯನ್ನು ಸೀಟಿನ ಮೇಲಿಟ್ಟು ಅವನು ಗಾಡಿ ತಿರುಗಿಸಿದಾಗ ಹಿಂದೆ ಬಂದ ಆಟೋದ ಬೆಳಕು ಒಳಗೆ ಬಿದ್ದು ಆ ಸುರುಳಿ ಒಮ್ಮೆ ಫಳಕ್ಕನೆ ಹೊಳೆಯಿತು. ಕತ್ತಲಲ್ಲಿ ಬರುವವರಿಗೆ ನಮ್ಮ ಎತ್ತಿನ ಗೆಜ್ಜೆ ಹೇಳುತ್ತಿದ್ದ ಮಾತನ್ನೇ ಅದೂ ಹೇಳಲಿದೆ: ನಾನಿಲ್ಲಿದ್ದೇನೆ, ನೋಡಿಕೊಂಡು ಬಾ.